ಅನುಮತಿ ಪತ್ರದಲ್ಲಿ ಪ್ರಜೆಯ ಮಾತೆಲ್ಲಿದೆ?

(ಬೆಳ್ಳಂದೂರಿನ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೈಗಾ ಅಣುಸ್ಥಾವರದ ಕುರಿತು ಮಾತನಾಡಲು ಬೆಳ್ಳಂದೂರಿಗೇಕೆ ಬರಬೇಕು ಎಂಬ ಪ್ರಶ್ನೆ ನಿಮ್ಮಲ್ಲಿ ಕೆಲವರಿಗೆ ಮೂಡಿರಬಹುದು. ಇಲ್ಲಿ ನೆರೆದಿರುವವರಲ್ಲಿ ಭಟ್ಕಳ, ಹೊನ್ನಾವರ, ಕಾರವಾರ ಕಡೆಯಿಂದ ಉದ್ಯೋಗ ಅರಸಿ ಬಂದ ಕುಟುಂಬಗಳು ಸಾಕಷ್ಟಿವೆ. ನಿಮ್ಮ ತಂದೆ ತಾಯಂದಿರು ಇಂದಿಗೂ ಆ ಕರಾವಳಿಯಲ್ಲಿದ್ದಾರೆ. ಅದು ಒಂದು ಕಾರಣ. ಇನ್ನೊಂದು ಕಾರಣವೇನೆಂದರೆ, ಈ ವರ್ತುಲ ರಸ್ತೆಯ ಎರಡೂ ಬದಿಗಳಲ್ಲಿ ಹಗಲು ರಾತ್ರಿ ಉರಿಯುವ ಗಾಜಿನ ಕಟ್ಟಡಗಳಿಗೆ ಬೇಕಾದ ವಿದ್ಯುತ್ತು ಎಲ್ಲಿಂದಲೋ ಬರಬೇಕು. ದಕ್ಷಿಣದ ವಿದ್ಯುತ್ ಜಾಲಕ್ಕೆ ಸೇರುವ ಕೈಗಾದ ವಿದ್ಯುತ್ತಿನಲ್ಲಿ ನಮಗೂ ಪಾಲಿದೆ. ಪಾಲು ಪಡೆಯುವವರು ಲೆಕ್ಕವನ್ನೂ ತಿಳಿದಿರಬೇಕು.

ಅಣುವಿದ್ಯುತ್ತು ಬೇಕೇ ಬೇಡವೇ ಎಂಬ ಚರ್ಚೆಯನ್ನು ನಾನಿಂದು ಎತ್ತಿಕೊಳ್ಳುವುದಿಲ್ಲ. ಆ ಚರ್ಚೆಗೆ ಎರಡೂ ಪಕ್ಷಗಳಲ್ಲಿ ಬಲವಾದ ವಾದಗಳಿವೆ. ಕಲ್ಲಿದ್ದಲಿನ ಹೊಗೆಗೆ ಹೋಲಿಸಿದರೆ ಅಣುಸ್ಥಾವರ ವಾತಾವರಣಕ್ಕೆ ಬಿಡುವ ಇಂಗಾಲ ಬಹಳ ಕಡಿಮೆ. ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ 31ರಂದು ನಿಲುಗಡೆಯಾಗುವ ಮುನ್ನ 962 ದಿನ ಎಡೆಬಿಡದೆ ಓಡಿ ವಿಶ್ವದಾಖಲೆ ಬರೆಯಿತು. ಅಲ್ಲಿನ ಎಂಜಿನಿಯರುಗಳ ಹಾಗೂ ಕಾರ್ಮಿಕರ ಶ್ರಮವನ್ನು ಹೀಗಳೆಯುವುದು ನ್ಯಾಯವಲ್ಲ. ನನ್ನ ಪ್ರಶ್ನೆ ಬೇರೆ. ಹೊಸ ಸ್ಥಾವರ ಕಟ್ಟಲು ಅನುಮತಿ ಕೊಡುವವರು ಯಾರು? ಯಾವುದನ್ನು ನೋಡಿ ಕೊಡುತ್ತಾರೆ? ನದಿಯ ದಂಡೆಯಲ್ಲಿ ಬದುಕುವವನ ಮಾತು ಆ ಕಡತದ ಎಷ್ಟನೆಯ ಪುಟದಲ್ಲಿರುತ್ತದೆ?

ಕೈಗಾದ ಮೊದಲ ಎರಡು ಘಟಕಗಳ ನಿರ್ಮಾಣ ಆರಂಭವಾದದ್ದು 1989ರಲ್ಲಿ. ಪರಿಸರ ಸಂರಕ್ಷಣಾ ಕಾಯ್ದೆ 1986ರಲ್ಲೇ ಬಂದಿತ್ತು. ಆದರೆ ಯೋಜನೆಗಳ ಪರಿಸರ ಪರಿಣಾಮವನ್ನು ಕಡ್ಡಾಯವಾಗಿ ಅಂದಾಜು ಮಾಡಬೇಕೆಂಬ ಅಧಿಸೂಚನೆ ಹೊರಬಿದ್ದದ್ದು 1994ರ ಜನವರಿ 27ರಂದು. ಜನರ ಅಹವಾಲು ಕೇಳುವುದು ಕಡ್ಡಾಯವಾದದ್ದು 1997ರಲ್ಲಿ. ಅಂದರೆ ಅಂದು ಜನರಿಗೆ ಮಾತನಾಡಲು ಕಾನೂನಿನ ವೇದಿಕೆಯೇ ಇರಲಿಲ್ಲ. ಆದುದರಿಂದಲೇ ಡಾ. ಶಿವರಾಮ ಕಾರಂತರು ತಮ್ಮ 87ರ ಇಳಿವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತರು. ಸೋತರು. ಅವರ ಎಲ್ಲ ನಿಲುವುಗಳನ್ನೂ ನಾವು ಒಪ್ಪಬೇಕೆಂದಿಲ್ಲ. ಆದರೆ ಒಬ್ಬ ಹಿರಿಯ ಸಾಹಿತಿ ಒಂದು ಪ್ರಶ್ನೆ ಕೇಳುವುದಕ್ಕಾಗಿ ಚುನಾವಣೆಯ ಕಣಕ್ಕೇ ಇಳಿಯಬೇಕಾಯಿತೆಂದರೆ, ಪ್ರಶ್ನೆ ಕೇಳುವ ಬೇರೆ ಬಾಗಿಲುಗಳು ಹೇಗಿದ್ದವು ಎಂಬುದನ್ನು ಊಹಿಸಿಕೊಳ್ಳಬಹುದು.

1994ರ ಮೇ 13ರಂದು, ನಿರ್ಮಾಣ ಹಂತದಲ್ಲಿದ್ದ ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟ್ ಪದರು ಕಳಚಿ ಕುಸಿಯಿತು. ಸ್ಥಾವರದಲ್ಲಿ ಇನ್ನೂ ಇಂಧನ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಪ್ರಶ್ನೆ ಉದ್ಭವಿಸಲಿಲ್ಲ. ಆದರೆ ಆ ಗುಮ್ಮಟ ಸಾಮಾನ್ಯ ಛಾವಣಿಯಲ್ಲ. ಒಳಗೆ ಏನಾದರೂ ಅನಾಹುತವಾದರೆ ವಿಕಿರಣ ಹೊರಗೆ ಸೋರದಂತೆ ತಡೆಯಬೇಕಾದ ಕೊನೆಯ ಗೋಡೆಯೇ ಅದು. ತನಿಖೆ ನಡೆಯಿತು, ವಿನ್ಯಾಸ ಬದಲಾಯಿತು, ವರ್ಷಗಳ ವಿಳಂಬದ ಬಳಿಕ 2000ನೇ ಇಸವಿಯಲ್ಲಿ ಎರಡೂ ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ಬಂತು. ತಲಾ 220 ಮೆಗಾವಾಟ್, ಒಟ್ಟು 880.

2009ರ ನವೆಂಬರಿನಲ್ಲಿ ನಡೆದ ಘಟನೆ ನಿಮಗೆ ನೆನಪಿರಬಹುದು. ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರ್ ಒಂದರಲ್ಲಿ ಟ್ರಿಟಿಯಂ ಬೆರೆತ ಭಾರಜಲ ಸೇರಿ, ಐವತ್ತಕ್ಕೂ ಹೆಚ್ಚು ಸಿಬ್ಬಂದಿಯ ದೇಹಕ್ಕೆ ಅದು ಹೊಕ್ಕಿತು. ಸಿಬ್ಬಂದಿಯ ಮೂತ್ರದ ನಿಯಮಿತ ಪರೀಕ್ಷೆಯಿಂದ ವಿಷಯ ಬೆಳಕಿಗೆ ಬಂತು. ಯಂತ್ರ ಸೋರಿರಲಿಲ್ಲ, ಒಳಗಿನವರೇ ಯಾರೋ ಮಾಡಿದ ಕಿಡಿಗೇಡಿತನವೆಂದು ಅಧಿಕಾರಿಗಳು ಹೇಳಿದರು. ಪರೀಕ್ಷಾ ವ್ಯವಸ್ಥೆ ಕೆಲಸ ಮಾಡಿತು ಎಂಬುದು ಸಮಾಧಾನದ ಮಾತು. ಮನುಷ್ಯನ ಸಿಟ್ಟು, ಅಸೂಯೆಗಳನ್ನು ಯಾವ ಪರಿಣಾಮ ಅಂದಾಜು ವರದಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದು ಅದರ ಪಕ್ಕದ ಮಾತು.

ಈಗ ಹೊಸ ಘಟಕಗಳಿಗೆ ಬರೋಣ. 2017ರ ಮೇ ತಿಂಗಳಲ್ಲಿ ಕೇಂದ್ರ ಸಚಿವ ಸಂಪುಟವು ತಲಾ 700 ಮೆಗಾವಾಟಿನ ಹತ್ತು ಭಾರಜಲ ಸ್ಥಾವರಗಳಿಗೆ ಒಂದೇ ಪಟ್ಟಿನಲ್ಲಿ ಒಪ್ಪಿಗೆ ನೀಡಿತು. ಕೈಗಾದ 5 ಮತ್ತು 6ನೇ ಘಟಕಗಳು ಅದರಲ್ಲಿ ಸೇರಿದ್ದವು. ಪರಿಸರದ ಕುರಿತು ಸಾರ್ವಜನಿಕ ಅಹವಾಲು ಸಭೆ ನಡೆದದ್ದು 2018ರ ಡಿಸೆಂಬರ್ 15ರಂದು, ಕೈಗಾದ ವಸತಿ ಬಡಾವಣೆ ಇರುವ ಮಲ್ಲಾಪುರದಲ್ಲಿ. ಈ ಎರಡು ದಿನಾಂಕಗಳ ಕ್ರಮವನ್ನು ಗಮನಿಸಿರಿ. ಸರಕಾರದ ತೀರ್ಮಾನ ಮೊದಲು, ಜನರ ಅಭಿಪ್ರಾಯ ಒಂದೂವರೆ ವರ್ಷದ ಅನಂತರ. ನಿಕಾಹ್ ಮುಗಿಸಿ ಹುಡುಗಿಯ ಒಪ್ಪಿಗೆ ಕೇಳಲು ಹೋದರೆ ಅದನ್ನು ಒಪ್ಪಿಗೆ ಎನ್ನಬಹುದೇ? ಕಾನೂನಿನ ಪ್ರಕಾರ ಸಂಪುಟದ ಒಪ್ಪಿಗೆ ಆಡಳಿತಾತ್ಮಕವಾದದ್ದು, ಪರಿಸರದ ಅನುಮತಿ ಬೇರೆಯೇ ಎಂದು ಅಧಿಕಾರಿಗಳು ಹೇಳುತ್ತಾರೆ. ಅದು ಸರಿಯೇ ಇರಬಹುದು. ಆದರೆ ಮಲ್ಲಾಪುರದ ಸಭೆಯಲ್ಲಿ ಬೇಡವೆಂದು ಧ್ವನಿಯೆತ್ತಿದವರಿಗೆ, ತಾವು ಆಗಲೇ ಮುಗಿದ ವಿಷಯದ ಮೇಲೆ ಮಾತನಾಡುತ್ತಿದ್ದೇವೆ ಎನಿಸದೆ ಇರಲು ಸಾಧ್ಯವಿಲ್ಲ. 2019ರ ಆಗಸ್ಟ್ ಕೊನೆಯಲ್ಲಿ ಪರಿಸರ ಅನುಮತಿ ಹೊರಬಿತ್ತು. ಅದೇ ತಿಂಗಳ ಮೊದಲ ವಾರಗಳಲ್ಲಿ ಕದ್ರಾ ಅಣೆಕಟ್ಟಿನಿಂದ ಬಿಟ್ಟ ನೀರಿನಿಂದ ಕಾಳಿ ದಂಡೆಯ ಗ್ರಾಮಗಳು ಮುಳುಗಿದ್ದವು.

ಈ ಅಹವಾಲು ಸಭೆಯ ನಿಯಮಗಳನ್ನು ತಿಳಿಯುವುದು ನಮ್ಮ ಸಮುದಾಯಕ್ಕೆ ಬಹಳ ಅಗತ್ಯ. ಏಕೆಂದರೆ ಇದು ಅಣುಸ್ಥಾವರಕ್ಕಷ್ಟೇ ಅಲ್ಲ, ಗಣಿಗೆ, ಬಂದರಿಗೆ, ಕಾರ್ಖಾನೆಗೆ ಕೂಡ ಅನ್ವಯಿಸುತ್ತದೆ. 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಪ್ರಕಾರ ಅಣುವಿದ್ಯುತ್ ಯೋಜನೆಗಳು 'ಎ' ವರ್ಗಕ್ಕೆ ಸೇರುತ್ತವೆ. ಅನುಮತಿ ದೆಹಲಿಯಿಂದಲೇ ಬರಬೇಕು. ಸಭೆ ನಡೆಸುವ ಹೊಣೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು. ಕನಿಷ್ಠ 30 ದಿನ ಮುಂಚಿತವಾಗಿ ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿ, ಒಂದು ಪ್ರಾದೇಶಿಕ ಭಾಷಾ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ವರದಿಯ ಕರಡು ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯತ್ ಮುಂತಾದೆಡೆ ಯಾರು ಬೇಕಾದರೂ ನೋಡುವಂತಿರಬೇಕು. ಸಭೆಯ ಪೂರ್ತಿ ವೀಡಿಯೊ ಚಿತ್ರೀಕರಣ ಆಗಬೇಕು.

ಕೇಳಲು ಎಲ್ಲವೂ ಚೆನ್ನಾಗಿದೆ. ಆದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕಾದದ್ದು ಸಾರಾಂಶ ಮಾತ್ರ. ನೂರಾರು ಪುಟಗಳ ಮೂಲ ವರದಿ ಇಂಗ್ಲಿಷಿನಲ್ಲಿರುತ್ತದೆ. ಆ ವರದಿಯನ್ನು ಬರೆಯುವವರೂ ಯೋಜನೆಯವರೇ ಹಣ ಕೊಟ್ಟು ನೇಮಿಸಿಕೊಂಡ ಸಲಹಾ ಸಂಸ್ಥೆಯವರು. ಇಂತಿಷ್ಟು ಜನ ಬಂದರೆ ಮಾತ್ರ ಸಭೆ ಎಂಬ ಕೋರಂ ಇಲ್ಲ; ಹತ್ತೇ ಜನ ಕುಳಿತಿದ್ದರೂ ಸಭೆ ನಡೆಯಿತೆಂದೇ ಲೆಕ್ಕ. ಅಲ್ಲಿ ಮತದಾನವಿಲ್ಲ. ನೆರೆದವರೆಲ್ಲರೂ ಬೇಡವೆಂದರೂ ಯೋಜನೆ ನಿಲ್ಲಬೇಕೆಂಬ ನಿಯಮವಿಲ್ಲ. ಜನರ ಆಕ್ಷೇಪಗಳಿಗೆ ಯೋಜನೆಯವರು ಕೊಟ್ಟ ಉತ್ತರವನ್ನು ತಜ್ಞರ ಸಮಿತಿ ನೋಡುತ್ತದೆ, ಅಷ್ಟೇ.

ಒಂದು ಒಳ್ಳೆಯ ನಿಯಮವನ್ನೂ ಹೇಳಬೇಕು. ಸಭೆಯ ಕೊನೆಯಲ್ಲಿ, ಎಲ್ಲರೂ ಹೇಳಿದ್ದರ ಸಾರವನ್ನು ಸ್ಥಳೀಯ ಭಾಷೆಯಲ್ಲಿ ವಿವರಿಸಿ ಓದಿ ಹೇಳಬೇಕು. ಅನಂತರವೇ ನಡಾವಳಿಗೆ ಜಿಲ್ಲಾಧಿಕಾರಿಯ ಸಹಿ ಬೀಳಬೇಕು. ನಮ್ಮ ಜನ ಏನು ಮಾಡುತ್ತಾರೆ? ಬೆಳಿಗ್ಗೆ ಬಂದು, ಆವೇಶದಿಂದ ಮಾತನಾಡಿ, ಚಪ್ಪಾಳೆ ಗಿಟ್ಟಿಸಿ, ಊಟದ ಹೊತ್ತಿಗೆ ಮನೆಗೆ ಹೊರಡುತ್ತಾರೆ. ಸಂಜೆ ಖಾಲಿ ಕುರ್ಚಿಗಳಿಗೆ ನಡಾವಳಿಯನ್ನು ಓದಿ ಹೇಳಲಾಗುತ್ತದೆ. ತಾನು ಹೇಳಿದ್ದು ಕಡತಕ್ಕೆ ಹೇಗೆ ಇಳಿಯಿತು ಎಂಬುದನ್ನು ಕೇಳಲು ನಿಂತವನ ಮಾತಿಗೆ ಮಾತ್ರ ಮುಂದೆ ನ್ಯಾಯಾಲಯದಲ್ಲಿ ಬೆಲೆ ಬರುತ್ತದೆ. ಸಹೋದರಿಯರಿಗೂ ಒಂದು ಮಾತು: ವೇದಿಕೆಯಲ್ಲಿ ಮಾತನಾಡಲೇಬೇಕೆಂದಿಲ್ಲ, ಲಿಖಿತ ಅಹವಾಲಿಗೂ ಕಾನೂನಿನಲ್ಲಿ ಸ್ಥಾನವಿದೆ. ನೀರು ತರುವವರು, ಮೀನು ಮಾರುವವರು, ಮಕ್ಕಳ ಕಾಯಿಲೆಯನ್ನು ಮೊದಲು ಗುರುತಿಸುವವರು ನೀವೇ ಆಗಿರುವಾಗ, ಕಡತದಲ್ಲಿ ನಿಮ್ಮ ಅಕ್ಷರ ಇಲ್ಲದಿರುವುದು ದೊಡ್ಡ ನಷ್ಟ.

ಸಭೆಯನ್ನೇ ತಪ್ಪಿಸುವ ದಾರಿಗಳೂ ಅದೇ ಅಧಿಸೂಚನೆಯಲ್ಲಿವೆ. ರಕ್ಷಣೆ ಹಾಗೂ 'ವ್ಯೂಹಾತ್ಮಕ' ಕಾರಣವೆಂದು ಕೇಂದ್ರ ಸರಕಾರ ನಿರ್ಧರಿಸಿದ ಯೋಜನೆಗಳಿಗೆ ಜನರ ಅಭಿಪ್ರಾಯ ಬೇಕಿಲ್ಲ. 2020ರ ಮಾರ್ಚ್‌ನಲ್ಲಿ ಹೊರಬಂದ ಕರಡು ಅಧಿಸೂಚನೆ 30 ದಿನಗಳ ಅವಧಿಯನ್ನು 20ಕ್ಕೆ ಇಳಿಸಲು ಹೊರಟಿತ್ತು. ಆ ಕರಡನ್ನು ಪ್ರಾದೇಶಿಕ ಭಾಷೆಗಳಲ್ಲಿ ಪ್ರಕಟಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ ಹೇಳಬೇಕಾಯಿತು. ಕರ್ನಾಟಕ ಉಚ್ಚ ನ್ಯಾಯಾಲಯ ಆಗಸ್ಟ್‌ನಲ್ಲಿ ಅಂತಿಮ ಪ್ರಕಟಣೆಗೆ ತಡೆಯೊಡ್ಡಿತು. ಆ ಕರಡು ಹಾಗೆಯೇ ಉಳಿಯಿತು. ಆದರೆ 2025ರ ಸೆಪ್ಟೆಂಬರಿನಲ್ಲಿ ಅಣು ಖನಿಜಗಳ ಗಣಿಗಾರಿಕೆಯನ್ನು ಸಾರ್ವಜನಿಕ ಅಭಿಪ್ರಾಯದ ಕಟ್ಟಲೆಯಿಂದ ಹೊರಗಿಡಲಾಯಿತು. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವಿದೆ ಎಂಬುದನ್ನು ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಈಗ ನನ್ನ ಮುಖ್ಯ ಮಾತು. ಅಣುಸ್ಥಾವರಕ್ಕೆ ಅನುಮತಿ ಒಂದೇ ಕಿಟಕಿಯಲ್ಲಿ ಸಿಗುವುದಿಲ್ಲ. ಕಾಡು, ನೀರು, ಗಾಳಿ, ಪುನರ್ವಸತಿ ಇವುಗಳನ್ನು ನೋಡುವುದು ಪರಿಸರ ಸಚಿವಾಲಯ. ವಿಕಿರಣದಿಂದ ಸುರಕ್ಷತೆಯ ಅಂತಿಮ ಮಾತು ಅಣುಶಕ್ತಿ ನಿಯಂತ್ರಣ ಮಂಡಳಿಯದು. ಮಂಡಳಿ ತನ್ನ ಒಪ್ಪಿಗೆಯನ್ನು ಹಂತ ಹಂತವಾಗಿ ಕೊಡುತ್ತದೆ: ಮೊದಲು ಸ್ಥಳಕ್ಕೆ, ಬಳಿಕ ಅಡಿಪಾಯ ಅಗೆಯುವುದಕ್ಕೆ, ಮೊದಲ ಕಾಂಕ್ರೀಟು ಹಾಕುವುದಕ್ಕೆ, ಯಂತ್ರಗಳನ್ನು ನಿಲ್ಲಿಸುವುದಕ್ಕೆ, ಇಂಧನ ತುಂಬುವುದಕ್ಕೆ, ಕೊನೆಗೆ ನಡೆಸುವುದಕ್ಕೆ. ತಾಂತ್ರಿಕವಾಗಿ ಇದು ಒಳ್ಳೆಯ ಕ್ರಮವೇ. ತೊಡಕು ಎಲ್ಲಿದೆಯೆಂದರೆ, ಜನರನ್ನು ಕರೆದು ಕೇಳುವುದು ಮೊದಲ ಕಿಟಕಿಯಲ್ಲಿ ಮಾತ್ರ. ಜನರಿಗಿರುವ ಭಯವೋ ಎರಡನೆಯ ಕಿಟಕಿಗೆ ಸೇರಿದ್ದು. ಅಹವಾಲು ಸಭೆಯಲ್ಲಿ ಒಬ್ಬ ರೈತ ಎದ್ದು, "ಅಪಘಾತವಾದರೆ ನಮ್ಮ ಗತಿಯೇನು, ಬಳಸಿದ ಇಂಧನವನ್ನು ಎಷ್ಟು ಕಾಲ ಇಲ್ಲಿ ಇಡುತ್ತೀರಿ" ಎಂದು ಕೇಳಿದರೆ, ಅದನ್ನು ನಿಯಂತ್ರಣ ಮಂಡಳಿ ನೋಡಿಕೊಳ್ಳುತ್ತದೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮಂಡಳಿಯ ಪರಿಶೀಲನೆಯೋ ತಜ್ಞರ ಸಮಿತಿಗಳ ಒಳಗೆ ನಡೆಯುವಂಥದ್ದು. ಇದುವರೆಗೆ ನಡೆದುಬಂದ ಕ್ರಮದಲ್ಲಿ ಅಲ್ಲಿ ರೈತನಿಗೆ ಕುರ್ಚಿಯಿಲ್ಲ. ಪ್ರಶ್ನೆ ಕೇಳಬಹುದಾದ ಕಡೆ ಉತ್ತರವಿಲ್ಲ, ಉತ್ತರವಿರುವ ಕಡೆ ಪ್ರವೇಶವಿಲ್ಲ.

ಅಮೆರಿಕದಲ್ಲಿ ಈ ಗೊಂದಲ ಐವತ್ತು ವರ್ಷಗಳ ಹಿಂದೆಯೇ ನ್ಯಾಯಾಲಯಕ್ಕೆ ಬಂದಿತ್ತು. ಮೇರಿಲ್ಯಾಂಡ್ ರಾಜ್ಯದ ಕ್ಯಾಲ್ವರ್ಟ್ ಕ್ಲಿಫ್ಸ್ ಎಂಬಲ್ಲಿ ಕಟ್ಟುತ್ತಿದ್ದ ಸ್ಥಾವರದ ಪ್ರಕರಣ ಅದು. ಯಾರಾದರೂ ಆಕ್ಷೇಪ ಎತ್ತಿದರೆ ಮಾತ್ರ ಪರಿಸರದ ವಿಷಯ ನೋಡುತ್ತೇವೆ ಎಂಬುದು ಅಲ್ಲಿನ ಅಣುಶಕ್ತಿ ಆಯೋಗದ ವಾದವಾಗಿತ್ತು. 1971ರ ಜುಲೈಯಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಪರವಾನಗಿ ಕೊಡುವ ಸಂಸ್ಥೆಯೇ ಪ್ರತಿಯೊಂದು ಹಂತದಲ್ಲಿ ಪರಿಸರದ ಪರಿಣಾಮವನ್ನು ತಾನಾಗಿ ತೂಗಿನೋಡಬೇಕು ಎಂದಿತು. ಅಮೆರಿಕದ ವಿದೇಶಾಂಗ ನೀತಿಯ ಬಗ್ಗೆ ನಮಗೆ ಇರುವ ತಕರಾರು ಬೇರೆ. ಒಳ್ಳೆಯ ನಿಯಮ ಎಲ್ಲಿದ್ದರೂ ಕಲಿಯಲು ಅಡ್ಡಿಯಿರಬಾರದು.

ನಮ್ಮ ನಿಯಂತ್ರಣ ಮಂಡಳಿ ಹುಟ್ಟಿದ್ದು 1983ರ ನವೆಂಬರ್ 15ರಂದು, ಸರಕಾರದ ಒಂದು ಆದೇಶದಿಂದ. ನಾಲ್ಕು ದಶಕಗಳ ಕಾಲ ಅದು ಅಣುಶಕ್ತಿ ಆಯೋಗಕ್ಕೆ ಉತ್ತರದಾಯಿಯಾಗಿತ್ತು. ಆ ಆಯೋಗದ ಅಧ್ಯಕ್ಷರೇ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿ. ಸ್ಥಾವರ ಕಟ್ಟುವ ನಿಗಮ ಆ ಇಲಾಖೆಯ ಕೆಳಗಿತ್ತು. ಪರೀಕ್ಷೆ ಬರೆಯುವವನೂ ಉತ್ತರಪತ್ರಿಕೆ ತಿದ್ದುವವನೂ ಒಂದೇ ಮನೆಯವರು. 2012ರಲ್ಲಿ ಮಹಾಲೇಖಪಾಲರ ವರದಿ ಇದನ್ನೇ ಎತ್ತಿ ತೋರಿಸಿತು. ರಾಷ್ಟ್ರಕ್ಕೊಂದು ವಿಕಿರಣ ಸುರಕ್ಷತಾ ನೀತಿಯನ್ನು ರೂಪಿಸಬೇಕೆಂದು 1983ರಲ್ಲೇ ಹೇಳಿದ್ದರೂ ಮಂಡಳಿ ಅದನ್ನು ಮಾಡಿರಲಿಲ್ಲ ಎಂದೂ ಹೇಳಿತು. ಫುಕುಶಿಮಾ ದುರಂತದ ಬಳಿಕ 2011ರ ಸೆಪ್ಟೆಂಬರಿನಲ್ಲಿ ಹೊಸ ಪ್ರಾಧಿಕಾರದ ಮಸೂದೆ ಲೋಕಸಭೆಗೆ ಬಂತು, 2014ರಲ್ಲಿ ಸದನದ ಅವಧಿ ಮುಗಿದಾಗ ಅದೂ ಮುಗಿಯಿತು. 2025ರ ಡಿಸೆಂಬರಿನಲ್ಲಿ ಸಂಸತ್ತು 'ಶಾಂತಿ' ಎಂಬ ಹೆಸರಿನ ಕಾನೂನನ್ನು ಅಂಗೀಕರಿಸಿ 1962ರ ಅಣುಶಕ್ತಿ ಕಾಯ್ದೆಯನ್ನೂ 2010ರ ಪರಿಹಾರ ಕಾಯ್ದೆಯನ್ನೂ ಬದಿಗೆ ಸರಿಸಿತು. ಮಂಡಳಿಗೆ ಶಾಸನದ ಸ್ಥಾನ ಸಿಕ್ಕಿದ್ದು ಒಳ್ಳೆಯದೇ. ಅದೇ ಕಾನೂನು ಖಾಸಗಿ ಕಂಪೆನಿಗಳಿಗೆ ಈ ಕ್ಷೇತ್ರದ ಬಾಗಿಲು ತೆರೆಯಿತು. ದೋಷವಿರುವ ಯಂತ್ರ ಪೂರೈಸಿದವನಿಂದ ನಷ್ಟ ವಸೂಲು ಮಾಡಲು ಹಿಂದಿನ ಕಾನೂನಿನಲ್ಲಿದ್ದ ಅವಕಾಶವನ್ನೂ ಕೈಬಿಟ್ಟಿತು. ಭೋಪಾಲದ ನೆನಪಿರುವ ದೇಶದಲ್ಲಿ ಇದು ಇಷ್ಟು ಸುಲಭವಾಗಿ, ಕೆಲವೇ ದಿನಗಳ ಚರ್ಚೆಯಲ್ಲಿ ಆಗಬಾರದಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ನೆರೆಯ ಮಹಾರಾಷ್ಟ್ರದ ಜೈತಾಪುರವನ್ನೂ ನೆನೆಯಬೇಕು. ಅಲ್ಲಿ 2010ರ ಮೇ 16ರಂದು ಅಹವಾಲು ಸಭೆ ನಡೆಯಿತು. ಮರಾಠಿಯಲ್ಲಿ ವರದಿ ಸಕಾಲಕ್ಕೆ ಸಿಗಲಿಲ್ಲವೆಂಬುದು ಹಳ್ಳಿಗರ ದೂರಾಗಿತ್ತು. ಅದೇ ವರ್ಷದ ನವೆಂಬರ್ ಕೊನೆಗೆ 35 ಷರತ್ತುಗಳೊಂದಿಗೆ ಅನುಮತಿ ಬಂತು. ಸಾಖ್ರಿ ನಾಟೆಯ ಮೀನುಗಾರರು, ಬಹುಪಾಲು ಮುಸ್ಲಿಮರು, ತಮ್ಮ ಕಡಲಿಗೆ ಬಿಸಿನೀರು ಸೇರಿದರೆ ಮೀನು ಉಳಿಯುವುದೇ ಎಂದು ಕೇಳಿದರು. 2011ರ ಏಪ್ರಿಲ್ 18ರಂದು ಅಲ್ಲಿನ ಪ್ರತಿಭಟನೆಯ ಮೇಲೆ ಪೊಲೀಸರ ಗುಂಡು ಹಾರಿ ಒಬ್ಬ ತರುಣ ಸತ್ತ. ಬಿಸಿನೀರಿನ ಪ್ರಶ್ನೆ ಅಜ್ಞಾನದ್ದಲ್ಲ. ಅಣುಸ್ಥಾವರದಲ್ಲಿ ಹುಟ್ಟುವ ಶಾಖದ ಸುಮಾರು ಮೂರನೇ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಉಳಿದ ಎರಡು ಪಾಲು ನೀರಿಗೋ ಗಾಳಿಗೋ ಹೋಗಲೇಬೇಕು. ಅದು ಭೌತಶಾಸ್ತ್ರ.

ಕೈಗಾದಲ್ಲಿ ಇಂದು 880 ಮೆಗಾವಾಟ್ ಇದೆ. 1400 ಸೇರಿದರೆ 2280 ಆಗುತ್ತದೆ. ಅದೇ ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು ಈಗಾಗಲೇ ಇವೆ. ನದಿ ಕಡಲು ಸೇರುವಲ್ಲಿ ನೌಕಾನೆಲೆಗಾಗಿ ಮನೆ ಬಿಟ್ಟ ಕುಟುಂಬಗಳಿವೆ. ಪ್ರತಿಯೊಂದು ಯೋಜನೆಯ ವರದಿ ತನ್ನ ಪಾಲಿನ ಹಾನಿಯನ್ನಷ್ಟೇ ಅಳೆದು 'ಅಲ್ಪ' ಎಂದು ಬರೆಯುತ್ತದೆ. ಒಂದು ನದಿ ಒಟ್ಟು ಎಷ್ಟು ಹೊರಬಲ್ಲದು ಎಂಬ ಲೆಕ್ಕವನ್ನು ಯಾರ ಮೇಜಿನ ಮೇಲೂ ಇಡುವುದಿಲ್ಲ.

ಈ ಮಾತು ಬೆಳ್ಳಂದೂರಿನವರಿಗೆ ಬೇಗ ಅರ್ಥವಾಗಬೇಕು. ಸುಮಾರು 900 ಎಕರೆಯ ಈ ಕೆರೆಗೆ 2015ರ ಮೇಯಲ್ಲಿ, ಮತ್ತೆ 2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಬೆಂಕಿ ಹತ್ತಿತು. ನೀರಿಗೆ ಬೆಂಕಿ! ನೊರೆ ರಸ್ತೆಗೆ ಹಾರಿತು. ಕೆರೆಯನ್ನು ಕೊಂದವರು ಯಾರೋ ಒಬ್ಬರಲ್ಲ. ಸುತ್ತಮುತ್ತಲಿನ ಎಷ್ಟೋ ಕಟ್ಟಡಗಳ ಬಳಿ ಕ್ರಮಬದ್ಧ ಅನುಮತಿ ಪತ್ರಗಳಿದ್ದವು. ಒಟ್ಟು ಮೊತ್ತವನ್ನು ಕೂಡಿಸಿದವರಿರಲಿಲ್ಲ. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಎರಡು ಭಾರಿ ಯೋಜನೆಗಳಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರ ಮೇ 7ರಂದು 117.35 ಕೋಟಿ ಮತ್ತು 22.5 ಕೋಟಿ ರೂಪಾಯಿ ದಂಡ ವಿಧಿಸಿತು. 2018ರ ಡಿಸೆಂಬರಿನಲ್ಲಿ ಕೆರೆಗಳ ದುಃಸ್ಥಿತಿಗಾಗಿ ರಾಜ್ಯ ಸರಕಾರಕ್ಕೆ 50 ಕೋಟಿ, ಮಹಾನಗರ ಪಾಲಿಕೆಗೆ 25 ಕೋಟಿ ದಂಡ ಹಾಕಿ, 500 ಕೋಟಿಯನ್ನು ಪ್ರತ್ಯೇಕವಾಗಿ ಇಡುವಂತೆಯೂ ಹೇಳಿತು. ಕೆರೆ ಕೆಟ್ಟ ಮೇಲೆ ದಂಡ ಕಟ್ಟಬಹುದು, ಹೂಳು ತೆಗೆಯಬಹುದು. ವಿಕಿರಣದ ವಿಷಯದಲ್ಲಿ ಅಂತಹ ಎರಡನೆಯ ಅವಕಾಶವಿಲ್ಲ.

ಇನ್ನು, ದೂರವಿರುವ ನಾವು ಏನು ಮಾಡಬಹುದು ಎಂದು ಯುವಕರು ಕೇಳಿದ್ದಾರೆ. ಮೊದಲನೆಯದಾಗಿ, ನಿಮ್ಮಲ್ಲಿ ಇಂಗ್ಲಿಷ್ ವರದಿ ಓದಬಲ್ಲ ಎಂಜಿನಿಯರುಗಳಿದ್ದಾರೆ, ಊರಿನಲ್ಲಿ ಓದಲಾಗದ ಹಿರಿಯರಿದ್ದಾರೆ. ಒಂದು ವರದಿಯ ಮುಖ್ಯ ಅಧ್ಯಾಯಗಳನ್ನು ಕನ್ನಡದಲ್ಲಿ, ನವಾಯಿತಿಯಲ್ಲಿ, ಕೊಂಕಣಿಯಲ್ಲಿ ವಿವರಿಸಿ ಕೊಡುವುದು ಭಾಷಣ ಮಾಡುವುದಕ್ಕಿಂತ ಉಪಯುಕ್ತ. 2025ರಲ್ಲಿ ಕೊಪ್ಪಳ ಜಿಲ್ಲೆಯಲ್ಲಿ ಅಣುಸ್ಥಾವರಕ್ಕೆ ಜಾಗ ಹುಡುಕುವ ಸುದ್ದಿ ಬಂದೊಡನೆ ಅಲ್ಲಿ ವಿರೋಧ ಎದ್ದಿತು. ನಾಳೆ ಅಲ್ಲಿಗೂ ಇಂತಹ ವರದಿಯೊಂದು ಬಂದರೆ ಓದಿ ಹೇಳುವವರು ಬೇಕು. ಎರಡನೆಯದಾಗಿ, ಪರಿಸರ ಅನುಮತಿಯ ವಿರುದ್ಧ ಹಸಿರು ನ್ಯಾಯಮಂಡಳಿಗೆ ಹೋಗಲು ಇರುವುದು 30 ದಿನ. ಸಕಾರಣವಿದ್ದರೆ ಇನ್ನು 60 ದಿನ. ಅದು ದಾಟಿದರೆ ಬಾಗಿಲು ಮುಚ್ಚಿತು. ಅತ್ತ ಯೋಜನೆಯವರಿಗಿರುವ ಕಾಲವನ್ನು ನೋಡಿರಿ: 2022ರ ಏಪ್ರಿಲ್‌ನ ತಿದ್ದುಪಡಿಯಂತೆ ಅಣುವಿದ್ಯುತ್ ಯೋಜನೆಯ ಪರಿಸರ ಅನುಮತಿಯ ಅವಧಿ 15 ವರ್ಷ. ಮಲ್ಲಾಪುರದ ಸಭೆಯ ದಿನ ತೊಟ್ಟಿಲಲ್ಲಿದ್ದ ಮಗು ಹೈಸ್ಕೂಲು ಮುಗಿಸುವ ಕಾಲಕ್ಕೂ ಆ ಪತ್ರಕ್ಕೆ ಜೀವವಿರಬಹುದು.

ಅನುಮತಿಯಲ್ಲಿ ಷರತ್ತುಗಳಿರುತ್ತವೆ. ಅವುಗಳನ್ನು ಪಾಲಿಸಿದ ಬಗ್ಗೆ ಯೋಜನೆಯವರು ಪ್ರತಿವರ್ಷ ಜೂನ್ 1 ಮತ್ತು ಡಿಸೆಂಬರ್ 1ರಂದು ವರದಿ ಸಲ್ಲಿಸಬೇಕು. ಆ ವರದಿಗಳು ಸಾರ್ವಜನಿಕ ದಾಖಲೆಗಳು. ಮಾಹಿತಿ ಹಕ್ಕಿನ ಅರ್ಜಿ ಹಾಕಿದರೂ ಸಿಗಬೇಕು. ಕೈಗಾಕ್ಕೆ ಅನ್ವಯಿಸುವ ಈ ನಿಯಮ ನೀವು ವಾಸಿಸುವ ಬಹುಮಹಡಿ ಸಂಕೀರ್ಣಕ್ಕೂ ಅನ್ವಯಿಸುತ್ತದೆ. 2006ರ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಮತ್ತು ಅದಕ್ಕೆ ಮೇಲ್ಪಟ್ಟ ನಿರ್ಮಾಣಕ್ಕೆ ಪರಿಸರ ಅನುಮತಿ ಬೇಕು, ಆದರೆ ಅದಕ್ಕೆ ಅಹವಾಲು ಸಭೆಯಿಂದ ವಿನಾಯಿತಿಯಿದೆ. ಇಲ್ಲಿರುವ ಅನೇಕರ ಮನೆಗಳು ಅಂತಹ ಪತ್ರದ ಮೇಲೆಯೇ ನಿಂತಿವೆ. ನಿಮ್ಮ ಸಂಕೀರ್ಣದ ಕೊಳಚೆ ನೀರಿನ ಕುರಿತು ಅದರಲ್ಲಿ ಏನು ಬರೆದಿದೆ, ಕಳೆದ ಆರು ತಿಂಗಳ ವರದಿ ಸಲ್ಲಿಕೆಯಾಗಿದೆಯೇ ಎಂಬುದನ್ನು ಈ ವಾರವೇ ನಿಮ್ಮ ನಿವಾಸಿಗಳ ಸಂಘದವರಲ್ಲಿ ಕೇಳಿ ನೋಡಿರಿ.